ಮೈದಾನಕ್ಕೆ ಬೆನ್ನು ಹಾಕಿ ಕುಳಿತವನು

ಮಾರ್ಚ್ 4, ಸಂಜೆ

ಮೈದಾನದ ಗೇಟಿನ ಪಕ್ಕದ ನಲ್ಲಿ ಇವತ್ತೂ ಸೋರುತ್ತಿತ್ತು. ಪುರಸಭೆಗೆ ಇನ್ನೊಂದು ಪತ್ರ ಬರೆಯಬೇಕು. ಹಿಂದಿನ ಅಧ್ಯಕ್ಷರು ಇದೇ ಗೇಟಿನ ಮುಂದೆ ನಿಂತು “ವಾರದೊಳಗೆ ಸರಿಮಾಡಿಸ್ತೀನಿ” ಎಂದದ್ದು ಅವರಿಗೆ ಮರೆತಿರಬಹುದು. ನನಗೆ ಮರೆತಿಲ್ಲ. ಆ ದಿನ ತೊಟ್ಟಿದ್ದ ಅಂಗಿಯ ಬಣ್ಣವೂ ನೆನಪಿದೆ.

ಬುಗುರಿಯ ಪ್ರಾಕ್ಟೀಸ್. ಮೊಮ್ಮಗಳಿಗೆ ಆ ಹೆಸರಿಟ್ಟವನು ನಾನೇ. ಕಾಲಿಗೆ ಚೆಂಡು ಸಿಕ್ಕಿದರೆ ಸಾಕು, ನಿಂತಲ್ಲೇ ಗಿರ್ರನೆ ತಿರುಗಿ ಎದುರಿನವರನ್ನು ಬೆಪ್ಪು ಮಾಡಿ ಹೋಗುತ್ತಾಳೆ. ಸೊಸೆ, ನಾನು ಎಂದಿನ ಹಾಗೆ ಮೈದಾನದ ಕಲ್ಲುಮೆಟ್ಟಿಲ ಮೇಲೆ.

ಹೊಸಬನೊಬ್ಬ ಬಂದಿದ್ದಾನೆ. ಮಡಚುವ ಕುರ್ಚಿ ಬಿಚ್ಚಿ, ಮೈದಾನಕ್ಕೆ ಬೆನ್ನು ಹಾಕಿ ಕುಳಿತ. ಏನೋ ಜಗಿಯುತ್ತಾನೆ. ಎಲ್ಲರೂ ಆಟ ನೋಡುತ್ತಿದ್ದರೆ ಈ ಮನುಷ್ಯ ನಮ್ಮನ್ನು ನೋಡುತ್ತಿದ್ದಾನೆ!

“ಯಾರಮ್ಮಾ ಅದು?”

“ಸ್ಕೌಟ್ ಅಂತೆ ಮಾವ.”

“ಈ ವಯಸ್ಸಲ್ಲಿ? ಖಾಕಿ ಚಡ್ಡಿ, ಸ್ಕಾರ್ಫು ಎಲ್ಲಿ?”

“ಅಯ್ಯೋ, ಆ ಸ್ಕೌಟ್ ಅಲ್ಲ. ದೊಡ್ಡ ಫುಟ್‌ಬಾಲ್ ಕ್ಲಬ್ಬಿನೋರು ಒಳ್ಳೆ ಪ್ಲೇಯರ್ಸ್ ಹುಡುಕೋಕೆ ಜನ ಕಳಿಸ್ತಾರಲ್ಲ, ಆ ಸ್ಕೌಟು. ಮೆತ್ತಗೆ ಮಾತಾಡಿ, ಕೇಳಿಸುತ್ತೆ ಅವರಿಗೆ.”

ಕೇಳಿಸಿದರೆ ಕೇಳಿಸಲಿ.

ಮಾರ್ಚ್ 6

ಇವತ್ತು ಸುಮ್ಮನಿರಲಾಗಲಿಲ್ಲ. ಎದ್ದು ಅವನ ಎದುರು ಹೋಗಿ ನಿಂತೆ.

“ಆಟ ಆ ಕಡೆ ನಡೀತಿದೆ ಸ್ವಾಮಿ.”

“ಆಟ ನೋಡಿ ಆಯ್ತು ಸರ್.” ಮೆಲುದನಿ. “ಅದಕ್ಕೆ ಎಷ್ಟು ಹೊತ್ತು ಬೇಕು? ಇವತ್ತಿನ ಹುಡುಗಿ ಚೆನ್ನಾಗೇ ಇದಾಳೆ. ನಮಗೆ ಬೇಕಾಗಿರೋದು ಮುಂದಿನ ಹುಡುಗಿ. ಅವಳು ಮೈದಾನದಲ್ಲಿ ಇರಲ್ಲ. ಇಲ್ಲಿ ಮೆಟ್ಟಿಲ ಮೇಲೆ ಕೂತಿರ್ತಾಳೆ — ಸ್ವಲ್ಪ ಅಮ್ಮನಲ್ಲಿ, ಸ್ವಲ್ಪ ತಾತನಲ್ಲಿ.” ಸೊಸೆಯ ಹಿಮ್ಮಡಿಯಿಂದ ಕಣ್ಣು ತೆಗೆದು ನನ್ನ ಮಂಡಿಗೆ ತಂದ. “ನೀವು ಮೆಟ್ಟಿಲು ಇಳಿಯೋದು ನೋಡಿದೆ. ಈ ವಯಸ್ಸಿಗೂ ಎಷ್ಟು ಸಲೀಸು! ಒಳ್ಳೆ ಮನೆತನದ ಮಂಡಿ.”

ಸಂತೆಯಲ್ಲಿ ಹೋರಿಯ ಹಲ್ಲು ಎಣಿಸುವವರೂ ಇಷ್ಟು ಕೂಲಾಗಿ ಹೇಳಲಾರರು. ಬಾಯಿಗೆ ಬಂದಿದ್ದನ್ನು ಅಂದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. ವಾಪಸು ಬರುವಾಗ ಬೆನ್ನಿಗೆ ಅವನ ಕಣ್ಣು. ಹೆಜ್ಜೆ ಹೆಜ್ಜೆಯನ್ನೂ ಯಾರೋ ಮುಟ್ಟಿ ನೋಡಿದ ಹಾಗೆ.

ಮಾರ್ಚ್ 7

ನಿದ್ದೆ ಸರಿಯಿಲ್ಲ. ಅಣ್ಣನದೇ ನೆನಪು.

ಅವನನ್ನೂ ಹೀಗೇ ಒಬ್ಬ ಬಂದು ಆರಿಸಿದ್ದ. ಮನೆ ತುಂಬ ಜನ, ಪೇಪರಿನಲ್ಲಿ ಫೋಟೋ. ಅಪ್ಪ ಆ ಪೇಪರನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದರು. ಕೆಲವು ವರ್ಷ ಆಡಿಸಿದರು. ಬಲಮಂಡಿ ಹೋಯಿತು. ಮನೆಗೆ ಕಳಿಸಿದರು. ಮತ್ತೆ ಯಾರೂ ಈ ಕಡೆ ತಲೆ ಹಾಕಲಿಲ್ಲ.

ಮೈದಾನದ ಎದುರಿನ ನಮ್ಮ ಮಹಡಿ ಮನೆಗೆ ಹತ್ತುವುದು ಹೊರಗಿನ ಮೆಟ್ಟಿಲಿನಿಂದ. ಅಣ್ಣ ಹತ್ತುವ ಸದ್ದು ಈಗಲೂ ಕಿವಿಯಲ್ಲಿದೆ. ಎಡಗಾಲು — ಟಕ್. ಬಲಗಾಲು ಅರ್ಧಚಂದ್ರ ಬರೆದು ಹಿಂದೆ ಬರಬೇಕು — ಸರ್ರ್. ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಕೈ ಕೊಡುತ್ತಿದ್ದ. ಅಂಗೈ ಅಲ್ಲ, ಮುಂಗೈ. ಆಸರೆ ಬೇಕು, ಆದರೆ ಆಸರೆ ಹಿಡಿದ ಹಾಗೆ ಕಾಣಬಾರದು. ಕೊನೆತನಕ ಹಾಗೇ ಹತ್ತಿದ. ಬುಗುರಿ ಹುಟ್ಟುವ ಮೊದಲೇ ಹೋದ.

ಮಂಡಿ ಹೋದ ಕಥೆಯನ್ನಷ್ಟೇ ಊಟದ ಹೊತ್ತಿಗೆ ಹೇಳಿದೆ. ಸೊಸೆ ತಟ್ಟೆ ನೋಡುತ್ತಾ, “ಅದು ಆ ಕಾಲ ಮಾವ. ಈಗ ಫಿಸಿಯೋ ಇದಾರೆ, ಓದನ್ನೂ ಅವರೇ ನೋಡ್ಕೋತಾರೆ” ಎಂದಳು. ಬುಗುರಿ ಮಾತ್ರ ನೇರ ಕಣ್ಣಿಟ್ಟು — “ತಾತ, ನನ್ನ ಕಾಲು ದೊಡ್ಡತಾತನ ಕಾಲಲ್ಲ. ಇದು ಬಿಟ್ರೆ ನಂಗೆ ಬೇರೇನೂ ಬೇಡ. ತಿಳೀತಾ?”

ತಿಳಿಯಿತು. ಅಣ್ಣನೂ ಇದೇ ಮಾತು ಆಡಿದ್ದ.

ಮಾರ್ಚ್ 9

ಉಪಾಯ ಹೊಳೆದಿದೆ. ತಾತನ ಮಂಡಿ ನೋಡಿ ಮೊಮ್ಮಗಳನ್ನು ಆರಿಸುವುದಾದರೆ, ತಾತನ ಮಂಡಿ ನೋಡಿ ಬಿಡಲೂಬಹುದಲ್ಲ!

ಬಾಗಿಲು ಹಾಕಿಕೊಂಡು ಪ್ರಾಕ್ಟೀಸ್ ಮಾಡಿದೆ. ಟಕ್... ಸರ್ರ್. ಕಲಿಯುವ ಕಷ್ಟವೇ ಬೀಳಲಿಲ್ಲ. ಅಷ್ಟು ಸಲೀಸಾಗಿ ಬರಬಾರದಿತ್ತು.

ಸಂಜೆ ಅವನ ಕಣ್ಣೆದುರೇ ಕುಂಟುತ್ತ ಇಳಿದೆ. ತಲೆ ಎತ್ತಿದ. ಜಗಿಯುವುದನ್ನು ನಿಲ್ಲಿಸಿದ.

ಮಾರ್ಚ್ 11

“ಏನಾಯ್ತು ಮಾವ ಕಾಲಿಗೆ?”

“ಉಳುಕಮ್ಮ.”

ಇವತ್ತು ಅವನಾಗಿಯೇ ಹತ್ತಿರ ಬಂದ. ಸೊಸೆ ನೀರು ತರಲು ಹೋಗಿದ್ದಳು.

“ಸರ್, ಇದು ನಿಮ್ಮ ನಡಿಗೆ ಅಲ್ಲ.”

“ಮತ್ತೆ ಯಾರದ್ದು?”

“ಅದು ನಿಮಗೇ ಗೊತ್ತು. ನೋವಿರೋರು ಮೊದಲು ಮುಖ ಕಿವುಚ್ತಾರೆ, ಆಮೇಲೆ ಹೆಜ್ಜೆ ಇಡ್ತಾರೆ. ನೀವು ಯಾರನ್ನೋ ನೆನಪು ಮಾಡ್ಕೊಂಡು ಹೆಜ್ಜೆ ಇಡ್ತಿದೀರಿ.” ನನ್ನ ಬಲಗಾಲಿನ ಕಡೆ ಬಾಗಿದ. “ಒಂದ್ ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಬೇರೆಯವರ ನಡಿಗೆ ಹಾಕ್ಕೊಂಡು ಜಾಸ್ತಿ ಓಡಾಡ್ಬೇಡಿ. ಕಾಲು ಕಲಿತುಬಿಡುತ್ತೆ.”

ಮುಖ ಬೆಂದುಹೋಯಿತು. ಆದರೂ ಕುಂಟುತ್ತಲೇ ಮೆಟ್ಟಿಲಿಗೆ ವಾಪಸಾದೆ.

ಮಾರ್ಚ್ 12

ಬುಗುರಿ ಆಯ್ಕೆಯಾಗಿದ್ದಾಳೆ. ಇಪ್ಪತ್ತೆಂಟಕ್ಕೆ ಕ್ಲಬ್ಬಿನ ದೊಡ್ಡವರು ಇದೇ ಮೈದಾನಕ್ಕೆ ಬರುತ್ತಾರಂತೆ. ಕೊನೆಯ ಟ್ರಯಲ್. ಸೊಸೆ ಅಡುಗೆಮನೆಯಲ್ಲಿ ನಿಂತು ಅತ್ತಳು, ಖುಷಿಗೆ. ಮಗ ಆಫೀಸಿನಿಂದ ಮೂರು ಸಲ ಫೋನು.

ಸೋತೆ. ಇರಲಿ. ನಾಟಕ ಸಾಕು ಎಂದು ಕುರ್ಚಿಯಿಂದ ಎದ್ದೆ.

ಟಕ್... ಸರ್ರ್.

ಮಾರ್ಚ್ 17

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, “ಏನೂ ಇಲ್ವಲ್ಲ! ವಯಸ್ಸು, ಅಷ್ಟೆ” ಎಂದರು. ವಯಸ್ಸಂತೆ. ಹೋದ ವಾರ ಎಲ್ಲಿಗೆ ಹೋಗಿತ್ತು ಈ ವಯಸ್ಸು?

ಮೊದಲಿನ ಹಾಗೆ ನಡೆಯಲು ಬೆಳಗಿನಿಂದ ಪ್ರಯತ್ನ. ಆದರೆ ಮೊದಲು ಹೇಗೆ ನಡೆಯುತ್ತಿದ್ದೆ? ನಮ್ಮ ಹೆಡ್‌ಮಾಸ್ತರರ ನಡಿಗೆ ನೆನಪಿದೆ. ಹಳೆಯ ಪೋಸ್ಟ್‌ಮ್ಯಾನ್ ಒಂದು ಭುಜ ಇಳಿಬಿಟ್ಟು ಬರುತ್ತಿದ್ದದ್ದು ನೆನಪಿದೆ. ನನ್ನ ಹೆಂಡತಿ ಬದುಕಿದ್ದಾಗ ಅವಳ ಚಪ್ಪಲಿಯ ಸದ್ದಿನಲ್ಲೇ ಕೋಪ ಎಷ್ಟಿದೆ ಎಂದು ಹೇಳುತ್ತಿದ್ದೆ. ನನ್ನದೊಂದು ಬಿಟ್ಟು ಎಲ್ಲರದೂ ಗೊತ್ತು.

ಸೊಸೆಯನ್ನು ಕೇಳಿದೆ. “ನೀವಾ? ಸುಮ್ನೆ ನಡೀತಿದ್ರಿ ಮಾವ” ಎಂದಳು.

ಮಾರ್ಚ್ 20

ಬುಗುರಿ ಇವತ್ತು ಹಾಲಿನಲ್ಲಿ ನನ್ನ ನಡಿಗೆ ಅಣಕಿಸಿದಳು. “ತಾತ ಪುರಸಭೆಗೆ ಹೋಗ್ತಿದಾರೆ, ದಾರಿ ಬಿಡಿ!” ಟಕ್, ಸರ್ರ್, ಟಕ್, ಸರ್ರ್. ಮಗ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಬಾಗಿಲ ಹತ್ತಿರ ತಿರುಗುವಾಗ ಗೋಡೆಗೆ ಕೈ ಕೊಟ್ಟಳು.

ಮುಂಗೈ.

“ಅದನ್ನ ಎಲ್ಲಿ ನೋಡಿದೆ?”

“ಯಾವುದು?”

“ಕೈ ಹಾಗೆ ಇಡೋದು.”

“ನೀವೇ ಇಡ್ತೀರಲ್ಲ ತಾತ!”

ಇಡುವುದಿಲ್ಲ. ಆಮೇಲೆ ಒಬ್ಬನೇ ನಡೆದು, ಕೈ ಮೇಲೇ ಕಣ್ಣಿಟ್ಟು ನೋಡಿದೆ. ನನ್ನ ಕೈ ಪಕ್ಕಕ್ಕೇ ಇತ್ತು. ಆ ಒಂದನ್ನು ನಾನು ಅಭಿನಯಿಸಿಯೇ ಇರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಯೂ ಇರಲಿಲ್ಲ... ಇಲ್ಲಿ ಬರೆದದ್ದು ಬಿಟ್ಟರೆ. ಈ ಡೈರಿ ಇಡುವ ಡ್ರಾಯರಿನ ಕೀ ನನ್ನ ಕೊರಳಲ್ಲೇ ಇದೆ.

ಮಾರ್ಚ್ 22

ಕೋಚು ಬುಗುರಿಯ ಮೇಲೆ ರೇಗಿದರು. ಬಲಗಾಲು ತಡವಾಗಿ ಬರುತ್ತಿದೆಯಂತೆ. “ಹುಡುಗಾಟ ನಿಲ್ಸು, ಟ್ರಯಲ್ ಹತ್ರ ಬಂತು.”

“ಸರ್, ನಾನೇನೂ ಮಾಡ್ತಿಲ್ಲ!”

ಆ ದನಿ ನನಗೆ ಗೊತ್ತು. ನಾನೇನೂ ಮಾಡುತ್ತಿಲ್ಲ ಎಂದು ನಾನೂ ಡಾಕ್ಟರಿಗೆ ಹೇಳಿದ್ದೆ.

ಮಾರ್ಚ್ 24, ಮಧ್ಯಾಹ್ನ

ಸ್ಕೌಟನ್ನು ಹುಡುಕಿಕೊಂಡು ಹೋದೆ. ಖಾಲಿ ಮೈದಾನ, ಸುಡುಬಿಸಿಲು. ಅವನೊಬ್ಬನೇ ಗೋಲಿನ ಪಕ್ಕ ಕುಳಿತಿದ್ದ. ಎಲ್ಲ ಹೇಳಿದೆ — ಅಣ್ಣನ ವಿಷಯ, ಕೈಯ ವಿಷಯ, ಎಲ್ಲ. ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ.

“ನನ್ನ ನಡಿಗೆ ನೋಡಿದೋರು ನೀವೊಬ್ಬರೇ,” ಎಂದೆ. “ಹೇಗಿತ್ತು?”

ಎದ್ದ. ಮೈ ಒಮ್ಮೆ ಸಡಿಲ ಮಾಡಿಕೊಂಡು ನಡೆದ, ನನಗೆ ಬೆನ್ನು ಮಾಡಿ.

ನನ್ನನ್ನು ನಾನು ಹಿಂದಿನಿಂದ ನೋಡಿದೆ. ಬಲಭುಜ ಸ್ವಲ್ಪ ಮುಂದೆ, ಗದ್ದ ಮೇಲೆ, ಹಿಮ್ಮಡಿ ನೆಲಕ್ಕೆ ಗಟ್ಟಿ. ಯಾವುದೋ ಕೌಂಟರಿಗೆ ಜಗಳಕ್ಕೆ ಹೊರಟ ಮುದುಕ. ನಗು ಬಂತು. ಕಣ್ಣೂ ತುಂಬಿತು. ಇದಾ ನಾನು?

“ಮೊದಲ ಸಲ ನನ್ನ ಬೈಯೋಕೆ ಬಂದ್ರಲ್ಲ ಸರ್, ಹೀಗೇ ಬಂದಿದ್ರಿ. ಬನ್ನಿ, ನನ್ನ ಹಿಂದೆ.”

ಅವನ ಹಿಂದೆಯೇ ನಡೆದೆ. ಆ ಗೋಲಿನಿಂದ ಈ ಗೋಲಿಗೆ. ಅರ್ಧ ದಾರಿಯಲ್ಲಿ ಬಲಗಾಲು ತಾನಾಗಿ ಎದ್ದು ಮುಂದೆ ಬಂತು. ಸದ್ದಿಲ್ಲ. ನನ್ನದು ನನಗೆ ಸಿಕ್ಕಿತು!

“ಹಾಗಾದ್ರೆ ಅದು ಎಲ್ಲಿ ಹೋಯ್ತು?” ಕೇಳಿಬಿಟ್ಟೆ.

ಅವನು ಕುರ್ಚಿ ಮಡಚುತ್ತಿದ್ದ. ತಲೆ ಎತ್ತಿ ನಮ್ಮ ಮನೆಯ ಕಡೆ ನೋಡಿದ.

ಮಾರ್ಚ್ 27, ಸಂಜೆ

ಮೂರು ದಿನದಿಂದ ಬುಗುರಿ ನೆಲಕ್ಕೆ ಸರಿಯಾಗಿ ಕಾಲಿಟ್ಟಿಲ್ಲ. ನನ್ನ ಕಾಲು ನೆಟ್ಟಗಾದ ಮಧ್ಯಾಹ್ನದಿಂದಲೇ. ಸ್ಕ್ಯಾನ್ ಮಾಡಿಸಿದರು. ಏನೂ ಇಲ್ಲ. ಮೆಟ್ಟಿಲು ಹತ್ತುವಾಗ ನಾನು ಒಳಗೆ ಕುಳಿತು ಕೇಳುತ್ತೇನೆ. ಟಕ್. ಸರ್ರ್. ತಿರುವಿನಲ್ಲಿ ಒಂದು ಕ್ಷಣ ಮೌನ.

ಬೆಳಿಗ್ಗೆ ನನ್ನ ರೂಮಿಗೆ ಬಂದು ಹಾಸಿಗೆಯ ತುದಿಯಲ್ಲಿ ಕುಳಿತಳು. “ತಾತ, ನೀವು ಬೇಡ ಬೇಡ ಅಂತಿದ್ರಲ್ಲ. ಆಗ್ತಿದೆ ನೋಡಿ, ನೀವು ಅಂದ್ಕೊಂಡ ಹಾಗೇ.” ಕೋಪವಿರಲಿಲ್ಲ. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ಮೂವರೂ ಫಿಸಿಯೋ ಹತ್ತಿರ ಹೋಗಿದ್ದಾರೆ. ಹೊರಗೆ ಇನ್ನೂ ಬೆಳಕಿತ್ತು. ಕೆಳಗಿಳಿದು ಮೊದಲ ಮೆಟ್ಟಿಲ ಬಳಿ ನಿಂತೆ. ಮೊದಲು ಮಾಡಿದ್ದು ಮೋಸಕ್ಕೆ. ಈ ಸಲ ಪೂರ್ತಿ ಮಾಡಿದೆ. ಎಡಗಾಲು. ಬಲಗಾಲು. ತಿರುವಿನಲ್ಲಿ ಮುಂಗೈ ಗೋಡೆಗೆ ಕೊಟ್ಟೆ. ಸುಣ್ಣ ತಣ್ಣಗಿತ್ತು. ಬಾಯಿ ಬಿಟ್ಟೇ ಹೇಳಿದೆ — “ಅಣ್ಣ, ನಾನು ಕಣೋ, ತಮ್ಮ. ಕರೆದೋನು ನಾನು. ಮಗು ಕಾಲು ಬಿಡು. ನನ್ನ ಹತ್ರ ಬಾ.”

ಮೇಲೆ ಬರುವಷ್ಟರಲ್ಲಿ ಬಲಮಂಡಿ ಕಲ್ಲಾಗಿತ್ತು. ಈ ಸಲ ನೋವೂ ಇದೆ. ಮೊದಲು ಮುಖ ಕಿವುಚಿ ಆಮೇಲೆ ಹೆಜ್ಜೆ ಇಡುತ್ತಿದ್ದೇನೆ.

ಮಾರ್ಚ್ 28, ಬೆಳಿಗ್ಗೆ

ಹೋದಳು! ಒಂದೊಂದು ಮೆಟ್ಟಿಲು ಬಿಟ್ಟು ಹಾರಿಕೊಂಡು ಇಳಿದಳು. ಸೊಸೆ ಹಿಂದೆಯೇ, “ಏಯ್, ನಿಧಾನ! ಈಗ ತಾನೆ ಸರಿಹೋಗಿದೆ!” ಬುಗುರಿ ಕೆಳಗಿಂದ ಕೂಗಿದಳು — “ತಾತ, ಬರಲ್ವಾ?” ಕಿಟಕಿಯಿಂದ ನೋಡುತ್ತೇನೆ ಎಂದೆ.

ನಿಜವಾಗಿ ಕುರ್ಚಿಯಿಂದ ಏಳಲಾಗುತ್ತಿಲ್ಲ. ಹೇಳಲಿಲ್ಲ. ಮನೆಯಲ್ಲಿ ನಾನೊಬ್ಬನೇ.

ಕಿಟಕಿಯಿಂದ ಮೈದಾನದ ಅರ್ಧ ಕಾಣುತ್ತದೆ. ಟ್ರಯಲ್ ಶುರುವಾಯಿತು. ಕೋಟು ಹಾಕಿದ ನಾಲ್ಕೈದು ಜನ ಸಾಲಾಗಿ ನಿಂತಿದ್ದಾರೆ. ಅಗೋ ಬುಗುರಿ. ಗಿರ್ರನೆ ತಿರುಗಿದಳು, ಇಬ್ಬರು ಬೆಪ್ಪು! ಎಂಥ ಕಾಲು... ಆಡಲಿ. ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಲಿ. ಅಣ್ಣನೂ ಹೀಗೇ ತಿರುಗುತ್ತಿದ್ದ. ಅಷ್ಟು ವರ್ಷ ಅವನ ಕುಂಟನ್ನು ಮಾತ್ರ ನೆನಪಿಟ್ಟುಕೊಂಡೆ. ಈ ತಿರುಗುವುದನ್ನು ಹೇಗೆ ಮರೆತೆನೋ.

ಮಡಚು ಕುರ್ಚಿಯವನು ಗೇಟಿನ ಬಳಿ. ಎಂದಿನಂತೆ ಮೈದಾನಕ್ಕೆ ಬೆನ್ನು. ಆದರೆ ಇವತ್ತು ಜನರ ಕಡೆಗೂ ಮುಖವಿಲ್ಲ. ನಮ್ಮ ಮನೆಯ ಕಡೆ ನೋಡುತ್ತಿದ್ದಾನೆ. ನನ್ನನ್ನಲ್ಲ. ಕಿಟಕಿಯ ಕೆಳಗೆ, ಮೆಟ್ಟಿಲು.

ಯಾರೋ ಹತ್ತುವುದನ್ನು ನೋಡುತ್ತಿರುವ ಹಾಗಿದೆ. ಗದ್ದ ಒಂದಿಷ್ಟು ಮೇಲೆ ಬರುತ್ತದೆ. ನಿಲ್ಲುತ್ತದೆ. ಮತ್ತೆ ಒಂದಿಷ್ಟು. ಜಗಿಯುವುದನ್ನು ನಿಲ್ಲಿಸಿದ್ದಾನೆ.

ತಿರುವು ಬಂದಿರಬೇಕು. ಅಲ್ಲೇ ನಿಂತಿದೆ ಅವನ ಕಣ್ಣು.

ಬಾಗಿಲು ತೆಗೆದೇ ಇದೆ ಅಣ್ಣ, ಚಿಲಕ ಹಾಕಿಲ್ಲ, ನಿಧಾನಕ್ಕೆ