ಸಹಜ ಏರಿಳಿತ

ಮಾರ್ಚ್ ೧೨, ಗುರುವಾರ

ಮುದ್ದಿನ ತಂಗಿಗೆ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆದಿಲ್ಲ. ಬೈಯುವಷ್ಟು ಬೈದು, ಆಮೇಲೆ ಓದು. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಭಾವ ಬದುಕಿದ್ದಾರೆ. ಆಸ್ಪತ್ರೆಯ ಊಟಕ್ಕೆ ಉಪ್ಪಿಲ್ಲವೆಂದು ಗೊಣಗುವಷ್ಟು ಚೆನ್ನಾಗಿದ್ದಾರೆ.

ನಮ್ಮ ಲ್ಯಾಬಿನಲ್ಲಿ ಒಂದು ಅಧ್ಯಯನ ನಡೆಯುತ್ತಿದೆ. ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಟ್ರೋಪೋನಿನ್ ಎಂಬ ಅಂಶ ಏರುತ್ತದೆ. ಆದರೆ ಗಟ್ಟಿಮುಟ್ಟಾಗಿರುವವರಲ್ಲೂ ಅದು ವಾರದಿಂದ ವಾರಕ್ಕೆ ತುಸು ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ. ಆ ಸಹಜ ಏರಿಳಿತ ಎಷ್ಟೆಂದು ತಿಳಿಯಲು ಅರವತ್ತು ಜನರ ರಕ್ತವನ್ನು ವಾರವಾರ ತೆಗೆಯುತ್ತೇವೆ. ಟ್ಯೂಬಿನ ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ಅಧ್ಯಯನ ಮುಗಿಯುವವರೆಗೆ ಫಲಿತಾಂಶವನ್ನು ಯಾರಿಗೂ ಹೇಳುವಂತಿಲ್ಲ. ಜನ ಸಾಲದೆ ನಿನ್ನ ಭಾವನನ್ನೂ ಎಳೆದು ತಂದಿದ್ದೆ. "ಲಿಫ್ಟ್ ರಿಪೇರಿ ಮಾಡೋನಿಗೆ ಏರಿಳಿತ ಹೊಸದೇನಲ್ಲ ಬಿಡು" ಎಂದು ನಕ್ಕು ತೋಳು ಚಾಚಿದ್ದರು.

ಮೂರು ವಾರ ಅವರ ಅಂಕಿ ಐದು, ಆರು, ಐದು. ಹೋದ ಸೋಮವಾರ ಹತ್ತೊಂಬತ್ತು. ನಾನೇ ಸೂಜಿ ಚುಚ್ಚಿ ತೆಗೆದ ರಕ್ತ, ನಂಬರ್ ಬಾಯಿಪಾಠ. ಮತ್ತೊಮ್ಮೆ ಯಂತ್ರಕ್ಕೆ ಹಾಕಿದೆ. ಮತ್ತೆ ಹತ್ತೊಂಬತ್ತು.

ದೊಡ್ಡ ಡಾಕ್ಟರ ಬಳಿ ಓಡಿದೆ. ಯಾರ ರಕ್ತವೆಂದು ಹೇಳಲಿಲ್ಲ. "ಇನ್ನೂ ಮಿತಿಯೊಳಗೇ ಇದೆಯಲ್ಲಮ್ಮ. ಏರಿಳಿತ ನೋಡೋಕೇ ತಾನೇ ನಾವು ಕೂತಿರೋದು? ನಿಯಮ ಮುರೀಬೇಡ" ಎಂದರು.

ಹೊರಗೆ ಬಂದವಳೇ ಫೋನ್ ಮಾಡಿದೆ. ನಿನ್ನ ಭಾವ ಯಾವುದೋ ಕಟ್ಟಡದ ಏಳನೇ ಮಹಡಿಯಲ್ಲಿದ್ದರು.

"ಎದೆ ನೋವಿದೆಯಾ?"

"ಇಲ್ವಲ್ಲ. ಬೆಳಗ್ಗೆಯಿಂದ ಹೊಟ್ಟೆ ಉಬ್ಬರ, ಅಷ್ಟೆ."

"ಕೈಲಿರೋದನ್ನ ಅಲ್ಲೇ ಬಿಟ್ಟು ಕೆಳಗೆ ಬನ್ನಿ. ಮೆಟ್ಟಿಲು ಇಳೀಬೇಡಿ, ಲಿಫ್ಟಲ್ಲಿ ಬನ್ನಿ."

"ಅದೇ ಕೆಟ್ಟಿರೋದು ಕಣೇ!"

ನಾನು ಆಟೋದಲ್ಲಿ ಅಲ್ಲಿಗೆ ಹೋದಾಗಲೂ ಅವರಿನ್ನೂ ಮೂರನೇ ಮಹಡಿಯಲ್ಲಿದ್ದರು, ಕೂತು ಕೂತು ಇಳಿಯುತ್ತಾ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ತುರ್ತು ವಿಭಾಗದಲ್ಲಿ ರಕ್ತ ತೆಗೆದಾಗ ಅರವತ್ತನಾಲ್ಕು, ಎರಡು ಗಂಟೆ ಕಳೆದು ಮುನ್ನೂರು. ಸಂಜೆಯೊಳಗೆ ಕಟ್ಟಿಕೊಂಡಿದ್ದ ರಕ್ತನಾಳವನ್ನು ಬಿಡಿಸಿದರು. ದೊಡ್ಡ ಡಾಕ್ಟರು ಬಂದು, ನನ್ನ ಮುಖ ನೋಡದೆ, "ಒಳ್ಳೇದು ಮಾಡಿದೆ" ಎಂದರು.

ನೀನು ಗಾಬರಿ ಬಿದ್ದು ಓಡಿ ಬರಬೇಡ. ಮಕ್ಕಳ ಪರೀಕ್ಷೆ ಮುಗಿಯಲಿ. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ, ಎಲ್ಲರ ಜೀವ ತಣ್ಣಗಿರಲಿ.

ನಿನ್ನ
ಅಕ್ಕ

ತಾ.ಕ.: ಇಷ್ಟು ಧೈರ್ಯ ಎಲ್ಲಿಂದ ಬಂತೆಂದು ಎಲ್ಲರೂ ಕೇಳುತ್ತಾರೆ. ನಿನಗೊಬ್ಬಳಿಗೇ ಹೇಳುತ್ತೇನೆ. ಜನವರಿಯಲ್ಲಿ ಹದಿನೇಳನೇ ನಂಬರಿನವರ ಅಂಕಿಯೂ ಹೀಗೇ ಏಕಾಏಕಿ ಏರಿತ್ತು. ಡಾಕ್ಟರು ಆಗಲೂ ಇದೇ ಮಾತು ಹೇಳಿದ್ದರು. 'ಸಹಜ ಏರಿಳಿತ' ಎಂದು ಬರೆದು, ಸಹಿ ಹಾಕಿ, ಊಟಕ್ಕೆ ಹೋದೆ. ಮರುವಾರ ಅವರು ಬರಲಿಲ್ಲ. ಅವರ ಹೆಂಡತಿ ಬಂದು ನಾವು ಕೊಟ್ಟಿದ್ದ ನಂಬರ್ ಚೀಟಿ ವಾಪಸ್ ಕೊಟ್ಟರು. "ಕೂತಲ್ಲೇ ಹೋಗ್ಬಿಟ್ರು. ರಕ್ತದಲ್ಲೇನೂ ತೊಂದರೆ ಕಂಡಿರಲಿಲ್ಲ ಅಲ್ವಾ ಮೇಡಂ?"

"ಕಂಡಿರಲಿಲ್ಲ" ಎಂದೆ.