ಕೊನೆಯ ತಟ್ಟೆಯ ಪಾಸ್ಟೆಲ್

ಗ್ರಾಸಾ, ಲಿಸ್ಬನ್
ನವೆಂಬರ್ ೧೦, ಭಾನುವಾರ

ಪ್ರೀತಿಯ ಅನ್ಸೆಲ್ಮೊ ಅಣ್ಣಾ,

"ಇನ್ನೊಂದು ನಿಮಿಷ ಬಿಡು, ಕಪ್ಪಾಗಲಿ..." ಅಮ್ಮ ಓವನ್ನಿನ ಮುಂದೆ ನಿಂತು ಹೇಳುತ್ತಿದ್ದ ಈ ಮಾತಿಗೆ ಮುಂದೆ ಇನ್ನೊಂದು ತುಣುಕು ಇತ್ತಲ್ಲವೇ? ನನಗೆ ನೆನಪಾಗುತ್ತಿಲ್ಲ. ಅಥವಾ ಅವಳೇ ಅದನ್ನು ಹೇಳುವುದು ಬಿಟ್ಟಿದ್ದಳೋ?

ನಿನ್ನ ಬೆನ್ನುನೋವು ಹೇಗಿದೆ? ಲಕ್ಸೆಂಬರ್ಗ್‌ನಲ್ಲಿ ಆಗಲೇ ಚಳಿ ಜೋರಂತೆ. ಅತ್ತಿಗೆ ಕ್ಲೋದೀನ್ ಚೆನ್ನಾಗಿದ್ದಾಳೆ ತಾನೇ? ಅಮ್ಮನನ್ನು ಮಣ್ಣು ಮಾಡಿದ ದಿನ ನೀನು ಫೋನಿನಲ್ಲಿ, "ಅವಳ ಪಾಲಿಗೆ ನಾನು ಯಾವಾಗ್ಲೋ ಸತ್ತೆ, ಈಗ ಬಂದು ಏನ್ ಮಾಡ್ಲಿ?" ಅಂದೆ. ಚರ್ಚಿನಲ್ಲಿ ನಡೆಯದ ಮದುವೆ ಮದುವೆಯೇ ಅಲ್ಲವೆಂದು ಅಮ್ಮ ನಿನ್ನ ಎರಡನೇ ಮದುವೆಗೆ ಬರಲಿಲ್ಲ. ಆಮೇಲಿನ ಒಂಬತ್ತು ವರ್ಷ ನನ್ನೆದುರು ನಿನ್ನ ಹೆಸರನ್ನೂ ಎತ್ತಲಿಲ್ಲ. ನನಗೂ ನಿನ್ನ ಮಾತೇ ನಿಜವೆನಿಸಿತ್ತು.

ನಿನ್ನೆ, ಅವಳು ತಪ್ಪದೆ ಬೇಯಿಸುತ್ತಿದ್ದ ಶನಿವಾರ ಖಾಲಿ ಹೋಗಬಾರದೆಂದು ಆ ಸಿಹಿ ಪಾಸ್ಟೆಲ್ ಮಾಡಲು ನಿಂತೆ. ಬೆಣ್ಣೆ ಮಡಿಸಿದ ಹಿಟ್ಟನ್ನು ಸುರುಳಿ ಸುತ್ತಿ, ತುಂಡು ಮಾಡಿ, ಒದ್ದೆ ಹೆಬ್ಬೆರಳಿನಿಂದ ಅಚ್ಚಿನ ಅಂಚಿನವರೆಗೂ ಒತ್ತಿದೆ. ಹಾಲು, ಮೊಟ್ಟೆಯ ಹಳದಿ, ಚಕ್ಕೆ, ನಿಂಬೆಸಿಪ್ಪೆ ಎಲ್ಲ ಅವಳ ಅಳತೆಯಲ್ಲೇ. ಆದರೆ ಒಂದು ತಪ್ಪು ಮಾಡಿಬಿಟ್ಟಿದ್ದೆ. ಆ ಅಚ್ಚುಗಳನ್ನು ಅವಳು ಎಂದೂ ತೊಳೆದವಳಲ್ಲ, ಬಟ್ಟೆಯಲ್ಲಿ ಒರೆಸಿಡುತ್ತಿದ್ದಳು. ಚರ್ಚಿನಲ್ಲಿ ಅವಳ ಏಳನೇ ದಿನದ ಬಲಿಪೂಜೆ ಮುಗಿಸಿ ಬಂದ ನಾನು, ಮನೆಯೆಲ್ಲ ತೊಳೆಯುವ ಹಟದಲ್ಲಿ ಅವನ್ನೂ ಸೋಪು ಹಾಕಿ ಉಜ್ಜಿದ್ದೆ. ನಲವತ್ತು ವರ್ಷದ ಬೆಣ್ಣೆಯ ಪಸೆ ಹೊರಟುಹೋಗಿತ್ತು. ಮೊದಲ ತಟ್ಟೆಯದೆಲ್ಲ ಅಂಟಿಕೊಂಡಿತು. ಅದನ್ನು ಚಾಕುವಿನಿಂದ ಬಿಡಿಸುತ್ತ, ಅಳುತ್ತ ಕೂತಿರುವಾಗ ಎರಡನೆಯದು ಓವನ್ನಿನೊಳಗೇ ಸೀದುಹೋಯಿತು.

ಅಮ್ಮನ ಕೊನೆಯ ತಟ್ಟೆಯೂ ಪ್ರತಿವಾರ ಹೀಗೇ ಸೀಯುತ್ತಿತ್ತು. "ಕಣ್ಣು ಮಂಜಾಯ್ತೇನಮ್ಮಾ?" ಎಂದು ಗದರುತ್ತಿದ್ದೆ. ಅವಳು ಅವನ್ನು ಬಟ್ಟೆಯಲ್ಲಿ ಸುತ್ತಿ ಎದುರುಮನೆಗೆ ಕೊಟ್ಟುಬರುತ್ತಿದ್ದಳು.

ಮೈ ಬೆಚ್ಚಗಿಟ್ಟುಕೋ. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ತಂಗಿ,
ಒಡೆಟ್

ಲಕೋಟೆ ಅಂಟಿಸುವ ಮುಂಚೆ: ಅಮ್ಮನ ತಿಂಗಳ ಬಲಿಪೂಜೆ ಇಪ್ಪತ್ತಮೂರಕ್ಕೆ. ಕ್ಲೋದೀನ್‌ಳನ್ನೂ ಕರೆದುಕೊಂಡು ಬಾ. ನಿನ್ನೆ ಸೀದ ವಾಸನೆಗೆ ಎದುರುಮನೆಯ ಅರ್ಮಿಂಡಾ ಅಜ್ಜಿ ಬಂದರು. "ಅಚ್ಚಿಗೆ ಸೋಪು ಹಾಕಿದ್ಯಾ? ಇಷ್ಟೆಲ್ಲ ಓದಿ ಏನು ಬಂತೇ ನಿಂಗೆ!" ಎಂದು ಬೈದರು. ಆಮೇಲೆ ಕಪ್ಪಾದ ತಟ್ಟೆ ಕಂಡು ಬಾಗಿಲಲ್ಲೇ ನಿಂತುಬಿಟ್ಟರು. "ನಿಮ್ಮಮ್ಮ ಪ್ರತಿ ಶನಿವಾರ ಬಂದು, 'ಅನ್ಸೆಲ್ಮೊಗೆ ಕಪ್ಪಾದ್ದೇ ಆಗ್ಬೇಕು. ಇವತ್ತೂ ಬರ್ಲಿಲ್ಲ, ನೀನೇ ತಿನ್ನು' ಅಂತಿದ್ಲು. ಒಂಬತ್ತು ವರ್ಷ ಅವನ ಪಾಲು ತಿಂದು ನನ್ನ ಹಲ್ಲೆಲ್ಲ ಹೋಯ್ತು. ಇನ್ನು ಅವನೇ ಬಂದು ತಿನ್ಲಿ."