ಮುಂಡಾಜೆಯವರೆಗೂ ಕುದಿಯಲಿಲ್ಲ

ಮೂಡಬಿದ್ರೆ
೭ ಏಪ್ರಿಲ್ ೨೦೨೬, ಮಂಗಳವಾರ

ಪ್ರೀತಿಯ ವಾರಿಜಾ,

ನೀನೂ ಧರ್ಣಪ್ಪಣ್ಣನೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಬರೆಯುವುದು ತಡವಾಯಿತು, ಬೇಸರ ಮಾಡಬೇಡ. ಉಪವಾಸದ ತಿಂಗಳಲ್ಲಿ ಕೈಗೆ ಬಿಡುವಿರಲಿಲ್ಲ, ಹಬ್ಬ ಮುಗಿದ ಮೇಲೆ ತಲೆಗೆ ಬಿಡುವಿರಲಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಬಂಟ್ವಾಳದ ಶಾಲೆಯಲ್ಲಿ ಒಟ್ಟಿಗೆ ಪಾಠ ಮಾಡುತ್ತಿದ್ದಾಗ ಬೇಸಿಗೆ ರಜೆಯಲ್ಲಿ ಒಬ್ಬರಿಗೊಬ್ಬರು ಬರೆಯುತ್ತಿದ್ದೆವಲ್ಲ, ಹಾಗೆಯೇ ಕಾಗದ ಹಿಡಿದು ಕುಳಿತಿದ್ದೇನೆ.

ನನ್ನ ತಲೆ ತಿಂದದ್ದು ಆ ಪದ್ಮಿನಿ ಕಾರು. ಗುರುವಾಯನಕೆರೆ ದಾಟುವುದರೊಳಗೆ ಅದು ಕುದಿಯುವುದು, ನಾನು ಬಾನೆಟ್ ಎತ್ತಿ ಬಾಟ್ಲಿ ನೀರು ಹಿಡಿದು ರಸ್ತೆ ಬದಿಯಲ್ಲಿ ನಿಲ್ಲುವುದು ನಿನಗೆ ಗೊತ್ತೇ ಉಂಟು. ಈ ಬೇಸಿಗೆಯಲ್ಲಿ ಊರೊಳಗೇ ಕುದಿಯತೊಡಗಿತು. ಗ್ಯಾರೇಜಿನ ಅಶೋಕ್ ರೇಡಿಯೇಟರ್ ಬಿಚ್ಚಿ ನೋಡಿದ. ಒಳಗಿನ ಕೊಳವೆಗಳೆಲ್ಲ ತುಕ್ಕು ಹಿಡಿದು ಮುಚ್ಚಿಹೋಗಿದ್ದವು. ಇನ್ನೂ ದೊಡ್ಡದು, ಅಲ್ಯುಮಿನಿಯಂನದ್ದು ಹಾಕಿದರೆ ಘಾಟಿ ಹತ್ತಿದರೂ ಬಿಸಿಯಾಗುವುದಿಲ್ಲ ಎಂದ.

ಎಂದದ್ದು ನನಗಲ್ಲ, ನಮ್ಮವರಿಗೆ. ಕಾರು ನನ್ನದು, ನನ್ನ ಸಂಬಳದಲ್ಲಿ ತೆಗೆದದ್ದು, ಓಡಿಸುವವಳು ನಾನು. ನಮ್ಮ ಇಬ್ರಾಹಿಂ ಸಾಹೇಬರು ಈವರೆಗೆ ಸ್ಟೇರಿಂಗ್ ಮುಟ್ಟಿದವರಲ್ಲ. ಪಕ್ಕದ ಸೀಟಿನಲ್ಲಿ ಕುಳಿತು ನನ್ನ ಬದಲಿಗೆ ಬ್ರೇಕು ತುಳಿಯುವವರು. ಆದರೂ ಅಶೋಕ್ ಏನಿದ್ದರೂ ಅವರ ಮುಖ ನೋಡಿಯೇ ಹೇಳುತ್ತಾನೆ. ಅವರು ಚಹಾ ಕುಡಿಯುತ್ತಾ ಎಲ್ಲ ಅರ್ಥವಾದವರ ಹಾಗೆ ತಲೆಯಾಡಿಸುತ್ತಾರೆ.

"ಅಶೋಕ್, ಕಾರು ನನ್ನದು ಮಾರಾಯ. ನನಗೆ ಹೇಳು" ಎಂದೆ.

"ಹೌದು ಟೀಚರ್" ಎಂದವನು ಅವರ ಕಡೆ ತಿರುಗಿ, "ಸಾಹೇಬ್ರೆ, ಹೊಸತು ದಪ್ಪ ಉಂಟು. ಫ್ಯಾನು ತಾಗ್ತದೆ" ಎಂದ.

ನಿಜವಾಗಿಯೂ ತಾಗಿತು. ಹೊಸ ರೇಡಿಯೇಟರ್ ಕೂರಿಸಿ ಇಂಜಿನ್ ಚಾಲೂ ಮಾಡಿದ್ದೇ ತಡ, ಫ್ಯಾನಿನ ರೆಕ್ಕೆ ಅದನ್ನು ಕೆರೆದು ಕರಕರ ಸದ್ದು ಬಂತು. ಹಳೆಯ ಫ್ಯಾನು ತೆಗೆದು ಕರೆಂಟಿನ ಫ್ಯಾನು ಹಾಕಬೇಕಾಯಿತು. ಅದನ್ನು ಹಾಕಿದ ಮೇಲೆ ಬ್ಯಾಟರಿ ಖಾಲಿಯಾಗತೊಡಗಿತು. ಹಳೆಯ ಡೈನಮೋ ಅಷ್ಟು ಕರೆಂಟು ಕೊಡುವುದಿಲ್ಲವಂತೆ. ಡೈನಮೋ ಬದಲಾಯಿಸಿದರೆ ಅದರ ಬೆಲ್ಟು ಹೊಂದಲಿಲ್ಲ. ಒಂದು ಬಾಗಿಲು ರಿಪೇರಿಗೆಂದು ಹೋಗಿ ಮನೆಯನ್ನೇ ಬಿಚ್ಚಿ ಕಟ್ಟಿದ ಹಾಗಾಯಿತು. ಪ್ರತಿ ಸಲ ನಾನು ಗ್ಯಾರೇಜಿನ ಮೆಟ್ಟಿಲು ಹತ್ತುವಾಗಲೂ ಅಶೋಕ್ ಇನ್ನೊಂದು ಭಾಗ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದ.

ಮನೆಗೆ ಬಂದರೆ ಇವರದ್ದು ಒಂದೇ ರಾಗ. "ಗುಜರಿಗೆ ಕೊಟ್ಟು ಒಂದು ಸಣ್ಣ ಹೊಸತು ತೆಗೊಳ್ಳುವ ಶಾಹಿದಾ. ಎಸಿ ಇರ್ತದೆ."

"ಎಸಿ ಬೇಕಾದರೆ ಬಸ್ಸಿನಲ್ಲಿ ಹೋಗಿ" ಎಂದೆ. ಒಂದು ಹೊತ್ತು ಮಾತು ಬಿಟ್ಟರು. ಮನೆ ಎಷ್ಟು ಶಾಂತವಾಗಿತ್ತು ಎನ್ನುತ್ತೀ.

ಅಂತೂ ಕಳೆದ ವಾರ ಕಾರು ಕೈಗೆ ಬಂತು. ಮೊನ್ನೆ ಭಾನುವಾರ ವೇಣೂರಿನ ದಾರಿಯಾಗಿ ಹೊರಟೆವು. ಉರಿಬಿಸಿಲು. ನನ್ನ ಕಣ್ಣು ರಸ್ತೆಗಿಂತ ಹೆಚ್ಚು ಬಿಸಿ ತೋರಿಸುವ ಮುಳ್ಳಿನ ಮೇಲೆಯೇ ಇತ್ತು. ಬೆಳ್ತಂಗಡಿ ಪೇಟೆಯಲ್ಲಿ ಬಸ್ಸುಗಳ ಹಿಂದೆ ಸಿಕ್ಕಿಬಿದ್ದೆವು. ಆಗಲೂ ಮುಳ್ಳು ನಡುವಿನಿಂದ ಮೇಲೇರಲಿಲ್ಲ. ಉಜಿರೆ ದಾಟಿದೆವು. ಮುಂಡಾಜೆಯವರೆಗೆ ಒಂದು ತೊಟ್ಟು ನೀರು ಕೇಳದೆ ಓಡಿತು. ಇವರೂ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಪ್ರಶಸ್ತಿ. ಅಲ್ಲಿಂದ ತಿರುಗಿಸಿಕೊಂಡು ಬಂದೆವು. ವಾಪಸು ಬರುವಾಗ ಮುಳ್ಳು ನೋಡುವುದೇ ಮರೆತಿದ್ದೆ.

ನಿನ್ನ ಮಂಡಿನೋವು ಹೇಗುಂಟು? ಎಣ್ಣೆ ಹಚ್ಚುವುದು ಬಿಡಬೇಡ. ಪುಟ್ಟಿ ತೃಷಾಳಿಗೆ ಅವಳ ಅಜ್ಜಿಯ ಗೆಳತಿಯ ಆಶೀರ್ವಾದ ಹೇಳು. ಚೆನ್ನಾಗಿ ಓದಲಿ, ನಮ್ಮಿಬ್ಬರಿಗಿಂತ ಗಟ್ಟಿಯಾಗಿ ಬೆಳೆಯಲಿ. ದೇವರು ನಿಮ್ಮ ಮನೆಯನ್ನು ತಂಪಾಗಿಟ್ಟಿರಲಿ.

ನಿನ್ನ
ಶಾಹಿದಾ

ಮತ್ತೊಂದು ಮಾತು: ಬರೆಯುವುದು ಬೇಡವೆಂದುಕೊಂಡಿದ್ದೆ, ಆಗುವುದಿಲ್ಲ. ಭಾನುವಾರ ಮುಂಡಾಜೆಯಲ್ಲಿ ನಿಮ್ಮ ಮನೆಯ ಗೇಟಿನವರೆಗೂ ಬಂದಿದ್ದೆವು. ಸೃಜನ್ ಹೊರಗೆ ಬಂದು, "ಅಮ್ಮ ಇಲ್ಲ ಟೀಚರ್, ಧರ್ಮಸ್ಥಳಕ್ಕೆ ಹೋಗಿದ್ದಾರೆ" ಎಂದ. ಆಮೇಲೆ ಗೇಟಿನ ಚಿಲಕ ನೋಡುತ್ತಾ ಮೆಲ್ಲಗೆ ಹೇಳಿದ: "ಇನ್ನು ಬರುವುದು ಬೇಡ ಟೀಚರ್. ಬ್ಯಾರಿಗಳೊಟ್ಟಿಗೆ ನಿನ್ನ ಅಮ್ಮನಿಗೆ ಎಂಥ ಸ್ನೇಹ ಅಂತ ಹುಡುಗರು ಕೇಳ್ತಾರೆ. ನನಗೆ ಕಷ್ಟ ಆಗ್ತದೆ." ಅವನಿಗೆ ಅಕ್ಷರ ಕಲಿಸಿದವಳು ನಾನು.

ಕಾರು ತಿರುಗಿಸುವಾಗ ಅಡುಗೆಮನೆಯ ಕಿಟಕಿಯಲ್ಲಿ ನಿನ್ನನ್ನು ಕಂಡೆ. ಇವರು ನೋಡಲಿಲ್ಲ, ನಾನೂ ಹೇಳಲಿಲ್ಲ. ವಾರಿಜಾ, ಅವನ ಮಾತನ್ನು ನುಂಗಿಕೊಂಡೇನು. ನೀನು ಹೊರಗೆ ಬರಲಿಲ್ಲವಲ್ಲ.

ಈ ಕಾಗದವನ್ನು ಮನೆಗಲ್ಲ, ಧರ್ಣಪ್ಪಣ್ಣನ ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಬರುವ ಭಾನುವಾರ ಬೆಳಿಗ್ಗೆ ಬೆಳ್ತಂಗಡಿ ಬಸ್ ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿಕೊಂಡು ಕುಳಿತಿರುತ್ತೇನೆ, ಒಬ್ಬಳೇ. ನೀನು ಬಂದರೆ, ಕಿಟಕಿಯಲ್ಲಿ ನಿಂತಿದ್ದವಳು ಬೇರೆ ಯಾರೋ ಎಂದುಕೊಳ್ಳುತ್ತೇನೆ.